ಕರಗ ಬರುವ ಓಣಿಗೂ ದೀಪ ಬೇಕು

ಮಾನ್ಯರೇ,

ಮಡಿಕೇರಿ ದಸರಾ ಅಂದರೆ ಹೊರಗಿನವರಿಗೆ ವಿಜಯದಶಮಿ ರಾತ್ರಿಯ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆಯೇ ನೆನಪಾಗುತ್ತದೆ. ಆದರೆ ಹಳೆಯ ಪೇಟೆಯಲ್ಲಿ ಬೆಳೆದ ನಮಗೆ ಹಬ್ಬ ಶುರುವಾಗುವುದು ನವರಾತ್ರಿಯ ಮೊದಲ ಸಂಜೆ. ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕೋಟೆ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ ಈ ನಾಲ್ಕು ದೇವತೆಗಳ ಕರಗಗಳು ಪಂಪಿನಕೆರೆಯಲ್ಲಿ ಪೂಜೆ ಮುಗಿಸಿ ಹೊರಡುತ್ತವೆ. ಹಿಂದೆ ಊರಿಗೆ ದೊಡ್ಡ ರೋಗ ಬಂದಾಗ ಹರಕೆ ಹೊತ್ತು ಶುರುವಾದ ಪದ್ಧತಿ ಇದು ಅಂತ ಹಿರಿಯರು ಹೇಳುತ್ತಾರೆ. ಆಮೇಲಿನ ದಿನಗಳಲ್ಲಿ ಕರಗ ಮನೆ ಬಾಗಿಲಿಗೇ ಬರುತ್ತದೆ. ಅಂಗಳ ತೊಳೆದು, ರಂಗೋಲಿ ಹಾಕಿ ಕಾಯುವ ಖುಷಿಯೇ ಬೇರೆ. ಜಾತಿ, ಧರ್ಮ ನೋಡದೆ ಅಕ್ಕಪಕ್ಕದವರೆಲ್ಲ ಬಂದು ನಿಲ್ಲುತ್ತಾರೆ.

ಬೇಸರದ ಸಂಗತಿ ಒಂದಿದೆ. ಹಬ್ಬಕ್ಕೆ ಮುಖ್ಯರಸ್ತೆಗಳು ಝಗಮಗಿಸುತ್ತವೆ. ನಮ್ಮ ಓಣಿಯ ಬೀದಿದೀಪಗಳು ಮಾತ್ರ ಕಳೆದ ಮಳೆಗಾಲದಿಂದ ಉರಿಯುತ್ತಿಲ್ಲ. ನಗರಸಭೆಗೆ ಮನವಿ ಕೊಟ್ಟು ಬಂದೆವು, ಯಾರೂ ಈ ಕಡೆ ಬರಲಿಲ್ಲ. ಇಳಿಜಾರು ದಾರಿ, ಪಾಚಿ ಕಟ್ಟಿದ ಮೆಟ್ಟಿಲು. ಹೋದ ವರ್ಷ ಕರಗ ಬಂದಾಗ ನಾವು ಮೊಬೈಲ್ ಬೆಳಕು ಹಿಡಿದು ನಿಂತಿದ್ದೆವು. ತಲೆಯ ಮೇಲೆ ಕರಗ ಹೊತ್ತು ಬರಿಗಾಲಲ್ಲಿ ನಡೆಯುವವರು ಎಡವಿದರೆ ಹೇಗೆ? ನನ್ನ ಎದೆ ಡವಡವ ಅಂತಿತ್ತು.

ನಗರಸಭೆಯವರು ಈ ಸಲ ದಸರಾಕ್ಕೆ ಮೊದಲೇ ಕರಗ ಸಾಗುವ ಓಣಿಗಳನ್ನೆಲ್ಲ ಒಮ್ಮೆ ನಡೆದು ನೋಡಿ, ದೀಪ ಹಾಕಿಸಿ, ಪಾಚಿ ಕೆರೆಸಲಿ. ಜೊತೆಗೆ ಬಂದು ದಾರಿ ತೋರಿಸಲು ನಾವು ಸಿದ್ಧರಿದ್ದೇವೆ.

– ಹಳೆಯ ಪೇಟೆಯ ನಿವಾಸಿ, ಮಡಿಕೇರಿ