ಕಣ್ಣಿನ ವಿಭಾಗದ ಬಾಗಿಲಲ್ಲಿ ಒಬ್ಬರನ್ನು ನೇಮಿಸಿ: ದಿವ್ಯಾಂಗ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ದಿವ್ಯಾಂಗ ಕಲ್ಯಾಣ ಸಚಿವರಿಗೆ,
ಮಹಾರಾಷ್ಟ್ರ ಸರ್ಕಾರ, ಮಂತ್ರಾಲಯ, ಮುಂಬಯಿ

ಮಾನ್ಯರೇ,

ಈ ಪತ್ರದ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಇದೇ ಊರಿನಲ್ಲಿ ನನ್ನಂತೆ ದೃಷ್ಟಿ ಕಳೆದುಕೊಳ್ಳುತ್ತಿರುವ ಕನ್ನಡಿಗರಿಗೂ ಅವರ ಮನೆಯವರಿಗೂ ತಲುಪಲೆಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ. ನಾನು ಹೇಳುತ್ತಿರುವುದನ್ನು ನನ್ನ ಮಗಳು ಬರೆದುಕೊಳ್ಳುತ್ತಿದ್ದಾಳೆ.

ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಇಪ್ಪತ್ತಾರು ವರ್ಷ ಕುಳಿತವನು ನಾನು. ನನ್ನ ಕಣ್ಣಿಗೆ ಬಂದ, ಇಲ್ಲಿಯವರು ಕಾಚಬಿಂದು ಎನ್ನುವ ಗ್ಲಾಕೋಮಾ ಕಾಯಿಲೆ ಹೆಚ್ಚಿನವರಿಗೆ ನೋವೇ ಕೊಡದೆ ಬಂದು, ಮೊದಲು ಬದಿಯ ನೋಟವನ್ನು ಕಸಿಯುತ್ತದೆ. ಹೋದ ನೋಟ ಯಾವ ಔಷಧಕ್ಕೂ ಮರಳುವುದಿಲ್ಲ. ಪಕ್ಕದಲ್ಲಿ ಬಂದು ನಿಂತ ಗಿರಾಕಿಗಳು ನನಗೆ ಕಾಣದಾದಾಗ ಅವರು ನನ್ನನ್ನು ಸೊಕ್ಕಿನವನೆಂದುಕೊಂಡರು. ಆಮೇಲೆ ನೋಟುಗಳೂ ಮಸುಕಾದವು. ನೂರರ ಹೊಸ ನೋಟಿಗೂ ಇನ್ನೂರರ ನೋಟಿಗೂ ಅಗಲ ಒಂದೇ. ಉದ್ದದಲ್ಲಿ ಇರುವುದು 4 ಮಿಲಿಮೀಟರ್ ವ್ಯತ್ಯಾಸ. ಅದನ್ನು ಹೆಬ್ಬೆರಳಿನ ಉಗುರಿನಿಂದ ಅಳೆಯುತ್ತ, ಎದುರಿಗೆ ಸಾಲು ಬೆಳೆದಂತೆಲ್ಲ ಬೆವರುತ್ತ, ಎಂಟು ತಿಂಗಳು ಕೆಲಸ ಉಳಿಸಿಕೊಂಡೆ. ಕೊನೆಗೆ ಲೆಕ್ಕ ತಪ್ಪಿತು, ಗಲ್ಲಾ ಬಿಟ್ಟೆ. ನೋಟನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದರೆ ಎಷ್ಟರ ನೋಟೆಂದು ಹೇಳುವ 'ಮಣಿ' ಎಂಬ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರಲ್ಲಿಯೇ ಹೊರತಂದಿತ್ತು. ಅದು ನನಗೆ ತಿಳಿದದ್ದು ಕೆಲಸ ಬಿಟ್ಟ ಮೇಲೆ, ಲೋಕಲ್ ರೈಲಿನಲ್ಲಿ ಎದುರಿಗೆ ಕುಳಿತಿದ್ದ ಅಪರಿಚಿತರೊಬ್ಬರಿಂದ.

ಡಾಕ್ಟರು "ಇನ್ನು ಮಾಡುವಂಥದ್ದು ಏನೂ ಇಲ್ಲ, ಡ್ರಾಪ್ಸ್ ಮಾತ್ರ ನಿಲ್ಲಿಸಬೇಡಿ" ಎಂದು ಹೇಳಿ ಮುಂದಿನ ರೋಗಿಯನ್ನು ಕರೆದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಅಷ್ಟು ಜನ ಕಾದಿದ್ದರು. ಆದರೆ ಬಿಳಿ ಕೋಲು ಹಿಡಿದು ರಸ್ತೆ ದಾಟುವುದನ್ನು ಎಲ್ಲಿ ಕಲಿಸುತ್ತಾರೆ, ಫೋನು ತಾನೇ ಓದಿ ಹೇಳುವಂತೆ ಮಾಡುವುದು ಹೇಗೆ ಎಂದು ತಿಳಿಸುವವರು ಆ ಬಾಗಿಲಿನಾಚೆ ಒಬ್ಬರೂ ಇರಲಿಲ್ಲ. ತಾರ್ದೇವ್‌ನಲ್ಲಿ 1902ರಿಂದ ಅಂಧರ ಶಾಲೆಯಿರುವ, 1952ರಲ್ಲಿ ಹುಟ್ಟಿದ ರಾಷ್ಟ್ರೀಯ ಅಂಧರ ಸಂಘದ ಕಚೇರಿ ವರ್ಲಿಯಲ್ಲಿರುವ ಊರು ಇದು. ನೆರವು ಇದೆ, ಆದರೆ ಅದರ ವಿಳಾಸ ರೋಗಿಯ ಕೈ ಸೇರುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಒಂದೇ: ಪ್ರತಿ ಸರ್ಕಾರಿ ಮತ್ತು ಪಾಲಿಕೆ ಆಸ್ಪತ್ರೆಯ ಕಣ್ಣಿನ ವಿಭಾಗದ ಬಾಗಿಲಲ್ಲಿ ಒಬ್ಬ ಮಾರ್ಗದರ್ಶಕರನ್ನು ನೇಮಿಸಿ.

ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ, ಅದನ್ನು ಕೊಡುವ ವೈದ್ಯರ ಬೋರ್ಡಿನ ಮುಂದೆ ಮೂರನೆಯ ಸಲ ಹೋದ ದಿನದ ಸಂಗತಿಯನ್ನು ಹೇಳದೆ ಇರಲಾರೆ. ಮಗಳು ಕೆಲಸಕ್ಕೆ ರಜೆ ಸಿಗದೆ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೋಗಿದ್ದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ನಾವು ಐವರು ಮುಚ್ಚಿದ ಬಾಗಿಲಿನ ಮುಂದೆ ಕುಳಿತಿದ್ದೆವು. ಐವರೂ ಕಣ್ಣಿನ ತಪಾಸಣೆಗೆ ಬಂದವರು. ನೆಲ ಒರೆಸಲು ಬಂದ ಹೆಂಗಸು "ಕಾಕಾ, ಇವತ್ತು ಬೋರ್ಡ್ ಕೂರುವುದಿಲ್ಲ, ಬಾಗಿಲಿಗೆ ಕಾಗದ ಅಂಟಿಸಿದ್ದಾರಲ್ಲ" ಎಂದಳು. ನಾನು ಎದ್ದು ಬಾಗಿಲನ್ನು ತಡವಿದೆ. ಕಾಗದ ಇತ್ತು, ಅದರ ಒಂದು ಮೂಲೆ ಫ್ಯಾನಿನ ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಅಷ್ಟು ಹೊತ್ತೂ ನಾವು ಕೇಳುತ್ತಿದ್ದದ್ದು ಅದರದೇ ಸದ್ದು. ಕಣ್ಣು ಕಾಣದವರಿಗೆ ಬಾಗಿಲಿಗೆ ಕಾಗದ ಅಂಟಿಸಿ ಹೋಗುವವರಿಗೆ ಏನೆನ್ನಬೇಕು, ಸಚಿವರೇ? ಹನ್ನೊಂದು ತಿಂಗಳಾಯಿತು, ಆ ಅವಮಾನ ಇನ್ನೂ ಆರಿಲ್ಲ.

ನಿಯಮಗಳನ್ನು ತಮಗೆ ನಾನು ಹೇಳಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 27ನೇ ಕಲಮು ಪುನರ್ವಸತಿ ಸೇವೆಗಳನ್ನು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದೆ. ಶೇಕಡ 40ರ ಅಂಗವೈಕಲ್ಯದ ಗೆರೆ ದಾಟಿದವನಿಗೆ ದಿವ್ಯಾಂಗ ಕಾರ್ಡು ಸಿಗಬಹುದು. ಆದರೆ ಕಾರ್ಡು ಮೆಟ್ಟಿಲು ಇಳಿಯುವುದನ್ನು ಕಲಿಸುವುದಿಲ್ಲ. ಗೆರೆ ಮುಟ್ಟುವ ಮೊದಲೇ ನನ್ನ ಕೆಲಸ ಹೋಗಿತ್ತು. ದಿವ್ಯಾಂಗರಿಗಾಗಿ ರಾಜ್ಯವು 2022ರಲ್ಲಿ ಪ್ರತ್ಯೇಕ ಇಲಾಖೆಯನ್ನೇ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆ ಇಲಾಖೆಯಿಂದ ಒಬ್ಬರನ್ನು ಆ ಬಾಗಿಲಿಗೆ ಕಳುಹಿಸಿ. ದೃಷ್ಟಿ ಪೂರ್ತಿ ಹೋಗುವ ಮೊದಲೇ, ಡಾಕ್ಟರು ಕೈಚೆಲ್ಲಿದ ದಿನವೇ, ರೋಗಿಯ ಕೈ ಹಿಡಿಯುವವರು ಬೇಕು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ; ಒಂದು ಕುರ್ಚಿ, ಒಂದು ಫೋನು, ಮರಾಠಿಯೊಡನೆ ಇನ್ನೊಂದೆರಡು ಭಾಷೆ ಬಲ್ಲ ಒಬ್ಬ ಮನುಷ್ಯ ಸಾಕು. ನೇಮಕ ಯಾವ ತಿಂಗಳಿನಿಂದ ಎಂದು ಬರವಣಿಗೆಯಲ್ಲಿ ತಿಳಿಸಿ. ಮಗಳು ಓದಿ ಹೇಳುತ್ತಾಳೆ.

ಬರುವ ಮಂಗಳವಾರ ಅದೇ ಬೆಂಚಿಗೆ ನಾನು ಮತ್ತೆ ಹೋಗಬೇಕಾಗಿದೆ.

ತಮ್ಮ ವಿಶ್ವಾಸಿ,
ಮುಲುಂಡ್‌ನ ಒಬ್ಬ ನಾಗರಿಕ