ಅಥೆನ್ಸಿಗೆ ಯಾವಾಗ ಹೋಗಬೇಕು: ಮಗಳಿಗೊಂದು ಪತ್ರ

ಕುಂದಾಪುರ

ಚಿ. ಸೌ. ವಸುಧಾಳಿಗೆ ಅಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

2027ರಲ್ಲಿ ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಅಥೆನ್ಸ್ ನೋಡಿಬರಬೇಕೆಂಬ ನಿನ್ನ ಯೋಚನೆ ತಿಳಿದು ಸಂತೋಷವಾಯಿತು. ಆಗಸ್ಟಿನಲ್ಲಿ ಕಚೇರಿಯಿಂದ ರಜೆ ಸಿಗುವುದು ಸುಲಭವೆಂದೂ ಡಿಸೆಂಬರಿನಲ್ಲಿ ವಿಮಾನದ ಟಿಕೆಟ್ ಅಗ್ಗವೆಂದೂ ಬರೆದು, ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದ್ದೀಯೆ. ಹಡಗಿನ ಕೆಲಸದಲ್ಲಿದ್ದಾಗ ಪಿರೇಯಸ್ ಬಂದರಿನಲ್ಲಿ ಬೇರೆ ಬೇರೆ ಋತುಗಳಲ್ಲಿ ಇಳಿದು ಆ ಊರನ್ನು ಕಂಡವನಾಗಿ ಹೇಳುತ್ತೇನೆ: ಎರಡೂ ಬೇಡ, ಏಪ್ರಿಲ್ ಮೂರನೆಯ ವಾರ ಹೊರಡು.

ಅಲ್ಲಿಯ ಮಳೆಗಾಲ ಬರುವುದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಹನಿ ಬೀಳುವುದೇ ಅಪರೂಪ. ಅಥೆನ್ಸಿನಲ್ಲಿ ವರ್ಷವಿಡೀ ಸುರಿಯುವ ಮಳೆ ಸುಮಾರು 400 ಮಿಲಿಮೀಟರ್ ಮಾತ್ರ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳೊಂದರಲ್ಲೇ ಅದರ ಎರಡು ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ವಿಚಿತ್ರವೆಂದರೆ, ನಮ್ಮ ಮುಂಗಾರಿಗೂ ಅವರ ಒಣ ಆಕಾಶಕ್ಕೂ ನೇರವಾದ ನಂಟಿದೆ. ಮುಂಗಾರಿನ ಮೋಡಗಳಲ್ಲಿ ಆವಿ ನೀರಾಗುವಾಗ ಹೊರಬೀಳುವ ಅಗಾಧ ಶಾಖದ ಪ್ರಭಾವವು ಪಶ್ಚಿಮಕ್ಕೆ ಹಬ್ಬಿ, ಪೂರ್ವ ಮೆಡಿಟರೇನಿಯನ್ ಸಮುದ್ರದ ಮೇಲೆ ಗಾಳಿ ಕೆಳಗಿಳಿಯುವಂತೆ ಮಾಡುತ್ತದೆಯೆಂದೂ, ಇಳಿಯುವ ಗಾಳಿ ಬಿಸಿಯೇರಿ ಒಣಗುವುದರಿಂದ ಅಲ್ಲಿ ಮೋಡ ಕಟ್ಟುವುದಿಲ್ಲವೆಂದೂ ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು 1996ರಲ್ಲಿ ವಿವರಿಸಿದರು. ಇಲ್ಲಿ ಕೊಡೆ ಮುಚ್ಚಲು ಬಿಡದ ತಿಂಗಳುಗಳೇ ಅಲ್ಲಿ ನೆತ್ತಿ ಸುಡುವ ತಿಂಗಳುಗಳು.

ಜುಲೈ, ಆಗಸ್ಟಿನಲ್ಲಿ ಅಥೆನ್ಸಿನ ಹಗಲಿನ ತಾಪ ಸಾಮಾನ್ಯವಾಗಿ 33–34 ಡಿಗ್ರಿಯಲ್ಲಿರುತ್ತದೆ, ಬಿಸಿಗಾಳಿ ಎದ್ದರೆ 40 ದಾಟುತ್ತದೆ. ನಗರದ ಪಕ್ಕದ ಎಲೆಫ್ಸಿನಾದಲ್ಲಿ 1977ರ ಜುಲೈ 10ರಂದು 48 ಡಿಗ್ರಿ ದಾಖಲಾಗಿತ್ತು. ನಾವು ಆಗಸ್ಟಿನಲ್ಲಿ ಪಿರೇಯಸ್ ಪಕ್ಕದ ಪೆರಾಮದ ಹಡಗು ರಿಪೇರಿ ಕಟ್ಟೆಯಲ್ಲಿದ್ದಾಗ ಅಲ್ಲಿಯ ವೆಲ್ಡರುಗಳು ಬೆಳಕು ಹರಿಯುವ ಮೊದಲೇ ಕೆಲಸ ಹಿಡಿದು, ಮಧ್ಯಾಹ್ನದ ಹೊತ್ತಿಗೆ ಡೆಕ್ಕಿನ ತಗಡನ್ನು ಬರಿಗೈಯಲ್ಲಿ ಮುಟ್ಟಲಾಗದಂತೆ ಕಾದಾಗ ಉಪಕರಣ ಕೆಳಗಿಟ್ಟು ಹೊರಟುಬಿಡುತ್ತಿದ್ದರು. ನೀನು ನೋಡಲು ಹೋಗುವ, ಪುರಾತನ ದೇಗುಲಗಳಿರುವ ಆಕ್ರೊಪೊಲಿಸ್ ಗುಡ್ಡ ಕೂಡ ನೆರಳಿಲ್ಲದ ಬೋಳು ಬಂಡೆ. ಕಾಲಡಿಯ ಕಲ್ಲೂ ಎದುರಿನ ಅಮೃತಶಿಲೆಯೂ ಬಿಸಿಲನ್ನು ಮುಖಕ್ಕೇ ತಿರುಗಿಸುತ್ತವೆ. 2023 ಮತ್ತು 2024ರ ಬೇಸಿಗೆಗಳಲ್ಲಿ ಬಿಸಿ ಮಿತಿಮೀರಿದ ದಿನಗಳಂದು ಸರ್ಕಾರವೇ ಅದನ್ನು ನಡುಹಗಲಿನಲ್ಲಿ ಮುಚ್ಚಿಸಿತು. ನೀನು ಮುಂಗಡವಾಗಿ ಟಿಕೆಟ್ ತೆಗೆದಿಟ್ಟ ಹೊತ್ತಿಗೇ ಬಾಗಿಲು ಹಾಕಿದ್ದರೆ ಆರು ವರ್ಷದ ಮಗುವಿಗೆ ಏನೆಂದು ಸಮಾಧಾನ ಹೇಳುತ್ತೀಯೆ?

ದ್ವೀಪಗಳಿಗೆ ಹೋಗೋಣವೆಂದರೆ ಆಗ ಮೆಲ್ಟೆಮಿ ಎಂಬ ಉತ್ತರದ ಗಾಳಿಯ ಕಾಲ. ಆಕಾಶ ಶುಭ್ರವಾಗಿದ್ದಂತೆಯೇ ಏಜಿಯನ್ ಸಮುದ್ರ ಕೆರಳುತ್ತದೆ, ಗಾಳಿಯ ಬಿರುಸನ್ನು ಅಳೆಯುವ ಬೋಫರ್ಟ್ ಮಾನದಲ್ಲಿ ಅದು 8 ಮುಟ್ಟಿತೆಂದರೆ ಬಂದರಿನ ಅಧಿಕಾರಿಗಳು ಸಾಮಾನ್ಯವಾಗಿ ಫೆರಿಗಳನ್ನು ತಡೆಯುತ್ತಾರೆ. ಸಾಲದೆಂಬಂತೆ ಆಗಸ್ಟ್ 15 ಅವರಿಗೆ ಮೇರಿ ಮಾತೆಯ ದೊಡ್ಡ ಹಬ್ಬ. ಅದರ ಆಚೀಚೆ ಊರಿನವರು ಹಳ್ಳಿಗೋ ದ್ವೀಪಕ್ಕೋ ಹೊರಟುಹೋಗುವುದರಿಂದ ಮನೆಯವರೇ ಅಡುಗೆ ಮಾಡಿ ಬಡಿಸುವ ಎಷ್ಟೋ ಸಣ್ಣ ತವೆರ್ನಗಳು ಮುಚ್ಚಿರುತ್ತವೆ, ಉಳಿಯುವುದು ಪ್ರವಾಸಿಗರು ಮತ್ತು ಅವರಿಗಾಗಿ ತೆರೆದಿಟ್ಟ ಅಂಗಡಿಗಳು.

ಡಿಸೆಂಬರನ್ನು ನಾನು ಅಷ್ಟು ಕಟುವಾಗಿ ತಳ್ಳಿಹಾಕಲಾರೆ. ಗರ್ದಿ ಕಡಿಮೆ, ವಸ್ತುಸಂಗ್ರಹಾಲಯಗಳನ್ನು ನೆಮ್ಮದಿಯಾಗಿ ನೋಡಬಹುದು, ಜನವರಿಯಲ್ಲಂತೂ ಮಿಂಚುಳ್ಳಿಯ ಪುರಾಣಕತೆಯಿಂದ ಹೆಸರು ಪಡೆದ ಕೆಲವು ಎಳೆಬಿಸಿಲಿನ ದಿನಗಳು ಬರುತ್ತವೆ. ಆದರೆ ಅವು ಬಂದೇ ಬರುತ್ತವೆಂದು ನಂಬಿ ಟಿಕೆಟ್ ತೆಗೆಯುವಂತಿಲ್ಲ. ಹಗಲು ಒಂಬತ್ತೂವರೆ ಗಂಟೆಯಷ್ಟೇ, ತಾಣಗಳು ಬೇಸಿಗೆಗಿಂತ ಬೇಗ ಮುಚ್ಚುತ್ತವೆ, 25 ಮತ್ತು 26ರಂದು ತೆರೆಯುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಲಕ್ಷಾಂತರ ಜನರ ಪಾದಗಳಿಂದ ಸವೆದು ನುಣುಪಾದ ಆ ಅಮೃತಶಿಲೆ ಮಳೆಯಲ್ಲಿ ನೆನೆದರೆ ಗಟ್ಟಿ ಕಾಲಿನವರೇ ಜಾರುತ್ತಾರೆ. ಅಮ್ಮನ ಮೊಣಕಾಲಿನ ಸ್ಥಿತಿ ನಿನಗೆ ಗೊತ್ತೇ ಇದೆ.

ಇನ್ನು ಏಪ್ರಿಲ್. ಆಗ ಹಗಲಿನ ತಾಪ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಂಜೆಗೆ ಒಂದು ಸ್ವೆಟರ್ ಬೇಕು. ಸೂರ್ಯ ಮುಳುಗುವುದು ಎಂಟು ಗಂಟೆಗೆ, ಆಕ್ರೊಪೊಲಿಸ್ ತೆರೆದಿರುವುದೂ ಹೆಚ್ಚುಕಡಿಮೆ ಅಲ್ಲಿಯವರೆಗೆ. ಬೀದಿಬದಿಯಲ್ಲಿ ಸಾಲಾಗಿ ನೆಟ್ಟಿರುವ ಕಹಿಕಿತ್ತಳೆ ಮರಗಳು ಹೂಬಿಟ್ಟು, ಬಸ್ಸಿನ ಹೊಗೆಯ ನಡುವೆಯೂ ಅದರ ಪರಿಮಳ ಮೂಗಿಗೆ ಬಡಿಯುತ್ತದೆ. ಅಗೋರಾ ಎಂಬ ಪ್ರಾಚೀನ ಸಂತೆಮಾಳದ ಬಿದ್ದ ಕಂಬಗಳ ಮಧ್ಯೆ ಹಸಿರು ಹುಲ್ಲೂ ಕೆಂಪು ಗಸಗಸೆ ಹೂಗಳೂ ಎದ್ದಿರುತ್ತವೆ. ಜೂನ್ ಹೊತ್ತಿಗೆ ಅದೆಲ್ಲ ಒಣಗಿ ಹಳದಿಯಾಗುವುದರಿಂದ, ಚಿತ್ರಗಳಲ್ಲಿ ಆ ಊರನ್ನು ಬೇಸಿಗೆಯಲ್ಲಷ್ಟೇ ಕಂಡವರಿಗೆ ಅಲ್ಲಿ ಹುಲ್ಲು ಬೆಳೆಯುತ್ತದೆಂಬುದೇ ತಿಳಿದಿರುವುದಿಲ್ಲ. ಕೊರತೆಗಳೂ ಇವೆ. ಸಮುದ್ರ ಇನ್ನೂ ತಣ್ಣಗಿರುತ್ತದೆ, ಮಗು ನೀರಿಗಿಳಿಯುವ ಆಸೆ ಬಿಡಬೇಕು. ಒಮ್ಮೊಮ್ಮೆ ಸಹಾರಾದ ಧೂಳು ದಕ್ಷಿಣದ ಗಾಳಿಯೊಡನೆ ಬರುತ್ತದೆ. 2024ರ ಏಪ್ರಿಲ್ 23ರಂದು ಊರಿಗೆ ಊರೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

2027ರ ಏಪ್ರಿಲ್ ನಮಗೆ ಇನ್ನೂ ಅನುಕೂಲವಾಗಿದೆ. ಗ್ರೀಕರ ಆರ್ಥಡಾಕ್ಸ್ ಈಸ್ಟರ್ ಆ ವರ್ಷ ಮೇ 2ರಂದು ಬರುತ್ತದೆ, ಪಶ್ಚಿಮ ಯುರೋಪಿನವರ ಈಸ್ಟರ್ ಮಾರ್ಚ್ 28ಕ್ಕೇ ಮುಗಿದಿರುತ್ತದೆ. ಹೀಗಾಗಿ ಆ ರಜೆಯ ಜನಜಂಗುಳಿ ಆಗ ಕರಗಿರುತ್ತದೆ. ಅಲ್ಲದೆ ಈಸ್ಟರಿಗೆ ಮುನ್ನ ಏಳು ವಾರ ಅವರ ಉಪವಾಸದ ವ್ರತ. ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಅಡುಗೆಯನ್ನು ಆಗ ಅನೇಕ ತವೆರ್ನಗಳು ವಿಶೇಷವಾಗಿ ಮಾಡುತ್ತವೆ, ‘ನಿಸ್ತಿಸಿಮೊ’ ಎಂದು ಕೇಳಿದರೆ ಸಾಕು. ನಮ್ಮ ತೊವ್ವೆಯನ್ನೇ ಗಟ್ಟಿಮಾಡಿ ಆಲಿವ್ ಎಣ್ಣೆ ಸುರಿದಂತಿರುವ ಫಾವಾ, ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿ, ಪಾಲಕ್ ಅನ್ನ, ಟೊಮೆಟೊ ರಸದಲ್ಲಿ ಬೆಂದ ದೊಡ್ಡ ಅವರೆಕಾಳು ಇವೆಲ್ಲ ಅಮ್ಮನಿಗೆ ಒಗ್ಗುತ್ತವೆ. ಒಂದೇ ಎಚ್ಚರಿಕೆ: ಅವರ ವ್ರತದಲ್ಲಿ ಮೀನು ನಿಷಿದ್ಧವಾದರೂ ಸೀಗಡಿ, ಆಕ್ಟೋಪಸ್ ನಿಷಿದ್ಧವಲ್ಲ, ಆದ್ದರಿಂದ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸಿಯೇ ತಿನ್ನಿ.

ಏಪ್ರಿಲ್ 20ರ ಹೊತ್ತಿಗೆ ತಲುಪಿ, ನೋಡಬೇಕಾದ ತಾಣಗಳನ್ನೂ ಏಜಿನಾ ದ್ವೀಪವನ್ನೂ ಮೊದಲ ವಾರದಲ್ಲೇ ಮುಗಿಸಿಕೊಳ್ಳಿ. ಈಸ್ಟರ್ ವಾರಾಂತ್ಯಕ್ಕೆ ಪಿರೇಯಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇ 1ರಂದೂ ಈಸ್ಟರ್ ಭಾನುವಾರವೂ ತಾಣಗಳು ಮುಚ್ಚಿರುತ್ತವೆ. ಶನಿವಾರ ನಡುರಾತ್ರಿ ಲಿಕಬೆಟಸ್ ಗುಡ್ಡದ ಇಗರ್ಜಿಯಿಂದ ಮೇಣದಬತ್ತಿಗಳನ್ನು ಹಿಡಿದು ಜನ ಇಳಿದುಬರುವುದನ್ನು ಮಗುವಿಗೆ ತೋರಿಸಲು ಎಚ್ಚರವಾಗಿರಲು ಸಾಧ್ಯವಾದರೆ ಉಳಿಯಿರಿ, ಇಲ್ಲವಾದರೆ 29ಕ್ಕೇ ಹೊರಟುಬಿಡಿ. ಬೆಂಗಳೂರಿನ ಶಾಲೆಗೆ ಆಗ ಬೇಸಿಗೆ ರಜೆಯಿರುವುದರಿಂದ ಆ ಚಿಂತೆಯಿಲ್ಲ.

ಕಚೇರಿಯವರು ಒಪ್ಪದಿದ್ದರೆ ಮಾತ್ರ ದಸರಾ ರಜೆಯನ್ನು ಯೋಚಿಸು. ಅಕ್ಟೋಬರ್ ಮೊದಲ ಭಾಗದಲ್ಲಿ ಬಿಸಿಲು ಇಳಿದಿರುತ್ತದೆ, ಸಮುದ್ರ ಬೆಚ್ಚಗಿರುತ್ತದೆ, ಮಗುವಿಗೆ ಅದೇ ಹೆಚ್ಚು ಇಷ್ಟವಾದೀತು. ಆದರೆ ಹೂವಿಲ್ಲ, ಹಸಿರಿಲ್ಲ, ತಿಂಗಳು ಕಳೆದಂತೆ ಗುಡುಗು ಮಳೆ ಶುರುವಾಗುತ್ತದೆ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ನವೆಂಬರಿನಲ್ಲಿ ಕಾಗದಪತ್ರ ಜೋಡಿಸಲು ಕುಳಿತುಕೋ. ಆಕ್ರೊಪೊಲಿಸ್ಸಿಗೆ 2023ರ ಸೆಪ್ಟೆಂಬರಿನಿಂದ ಗಂಟೆ ನಿಗದಿಪಡಿಸಿದ ಟಿಕೆಟ್ ಇದೆ, ಬೆಳಿಗ್ಗೆ ಎಂಟರದ್ದನ್ನೇ ತೆಗೆ. ನಡೆಯಲು ತೊಂದರೆಯಿರುವವರಿಗೆ ಅಲ್ಲಿ ಲಿಫ್ಟ್ ಇದೆ; ಅಮ್ಮ ಬೇಡವೆನ್ನುತ್ತಾಳೆ, ನೀನು ಅವಳ ಮಾತು ಕೇಳಬೇಡ. ರಜೆಯ ವಿಷಯ ಕಚೇರಿಯಲ್ಲಿ ಇತ್ಯರ್ಥವಾದೊಡನೆ ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ಅಪ್ಪ