ಅಪ್ಪನ ಜೊತೆ ಕೊನೆಯವರೆಗೂ ನಿಂತ ನಿಮಗೆಲ್ಲ

ಅಪ್ಪ ತೀರಿಕೊಂಡು ನಾಳೆಗೆ ಒಂದು ತಿಂಗಳು. ಇಷ್ಟು ದಿನ ಯಾರ ಫೋನಿಗೂ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಬೇಜಾರು ಮಾಡ್ಕೋಬೇಡಿ. ಎಲ್ಲರಿಗೂ ಒಟ್ಟಿಗೆ ಬರೆಯೋಣ ಅಂತ ಇವತ್ತು ಕೂತಿದ್ದೇನೆ.

ಮೊದಲು ಧಾರವಾಡದ ಅಗ್ನಿಶಾಮಕ ಠಾಣೆಯವರಿಗೆ. ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆಯಿಲ್ಲದೆ ನೇರವಾಗಿ ಮನೆಗೆ ಬಂದಿರಿ. ಯೂನಿಫಾರ್ಮಿನಲ್ಲೇ ಹೆಗಲು ಕೊಟ್ಟಿರಿ. ಅಪ್ಪ ನಿವೃತ್ತರಾಗಿ ನಾಲ್ಕು ವರ್ಷ ಆಗಿತ್ತು. ನಿಮ್ಮಲ್ಲಿ ಎಷ್ಟೋ ಹುಡುಗರು ಅವರ ಜೊತೆ ಒಂದು ದಿನವೂ ಕೆಲಸ ಮಾಡಿದವರಲ್ಲ. ಆದರೂ ಬಂದಿರಿ.

ದಿವಸಕ್ಕೆ ನವಲಗುಂದದ ಕಡೆಯಿಂದ ಒಬ್ಬ ಹಿರಿಯರು ಬಂದಿದ್ದರು. ಹೆಸರು ಕೇಳುವುದಕ್ಕೂ ನನಗೆ ಹೊಳೆಯಲಿಲ್ಲ. ಹಿಂದೊಂದು ಬೇಸಿಗೆಯಲ್ಲಿ ಅವರ ಬಣವೆಗೆ ಬೆಂಕಿ ಬಿದ್ದಿತ್ತಂತೆ. ಬಣವೆ ಬೆಂಕಿ ಸುಮ್ನೆ ಮೇಲಿಂದ ನೀರು ಹೊಡೆದರೆ ಆರುವುದಿಲ್ಲ. ಒಳಗೊಳಗೇ ಹೊಗೆಯಾಡುತ್ತಾ ಇರುತ್ತದೆ. ಮೇವು ಬಿಡಿಸಿ, ಹರವಿ, ಮತ್ತೆ ನೀರು ಹಾಕಬೇಕು. ಅಪ್ಪ ಮತ್ತು ಜೊತೆಯವರು ಬೆಳಗಾಗುವ ತನಕ ಅದನ್ನೇ ಮಾಡಿದರಂತೆ. ಪಕ್ಕದ ಬಣವೆ ಉಳಿಯಿತು. "ಆ ವರ್ಷ ನಮ್ಮ ಎತ್ತು ಉಳಿದಿದ್ದು ಆ ಮೇವಿನಿಂದನ ನೋಡವಾ" ಅಂದರು. ಅರ್ಧ ಚೀಲ ಜೋಳ ಬಾಗಿಲಲ್ಲಿಟ್ಟು ಹೋದರು. ಅಜ್ಜಾ, ಆ ಜೋಳದ ರೊಟ್ಟಿಯನ್ನೇ ಈಗ ಉಣ್ಣುತ್ತಿದ್ದೇವೆ.

2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ಆ ದಿನಗಳಲ್ಲಿ ಅಪ್ಪ ಬಟ್ಟೆ ಬದಲಿಸಲಷ್ಟೇ ಮನೆಗೆ ಬರುತ್ತಿದ್ದರು. ತಲೆ, ಹುಬ್ಬು, ಕಿವಿ ಎಲ್ಲ ಸಿಮೆಂಟಿನ ಧೂಳು. ಅವ್ವ ಬಿಸಿನೀರು ತೋಡಿಕೊಟ್ಟರೂ ಬೇಡ ಅಂದು ಹಿತ್ತಲ ನಲ್ಲಿಯ ಕೆಳಗೆ ಕೂತುಬಿಟ್ಟರು. ಏನೂ ಹೇಳಲಿಲ್ಲ. ಅಲ್ಲಿ ನಡೆದದ್ದು ನಮಗೆ ಗೊತ್ತಾದದ್ದು ಈಗ, ಅವರ ಗಾಡಿಯ ಡ್ರೈವರ್ ಅಣ್ಣ ಹೇಳಿದಾಗ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಸ್ಲ್ಯಾಬಿಗೆ ಕಿವಿ ಹಚ್ಚಿ ಕೇಳುತ್ತಿದ್ದರಂತೆ. ದನಿ ಬಂದರೆ ಅಪ್ಪ ಅಲ್ಲೇ ಬೋರಲಾಗಿ ಮಲಗಿ, "ನಿದ್ದಿ ಮಾಡಬ್ಯಾಡ ತಮ್ಮಾ, ಮಾತಾಡ್ಕೋತ ಇರು" ಅನ್ನುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಕೊನೆಯ ವಾರ ನಾನು ಅಪ್ಪನಿಗೆ ಅದೇ ಮಾತು ಹೇಳುತ್ತಿದ್ದೆ. ಅಣ್ಣಾ, ನೀವು ಹೇಳದಿದ್ದರೆ ನನಗದು ಗೊತ್ತೇ ಆಗುತ್ತಿರಲಿಲ್ಲ.

ರಕ್ತ ಕೊಟ್ಟವರಿಗೆ, ಹದಿನೈದು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಬಿಡದ ಓಣಿಯವರಿಗೆ, ರಾತ್ರಿಯೆಲ್ಲ ಅಪ್ಪನ ಮಗ್ಗುಲು ಬದಲಿಸಿದ ನರ್ಸ್ ಅಕ್ಕಂದಿರಿಗೆ ಕೈ ಮುಗಿಯುತ್ತೇನೆ.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಸತ್ತರು. ಅವರ ನೆನಪಿಗೆ ಆ ದಿನ ಠಾಣೆಗಳಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. ಪ್ರತಿ ವರ್ಷ ಆ ದಿನ ಅಪ್ಪ ಬೂಟಿಗೆ ಎರಡೆರಡು ಸಲ ಪಾಲಿಶ್ ಹಾಕಿಕೊಂಡು ಠಾಣೆಗೆ ಹೋಗುತ್ತಿದ್ದರು. ನಿವೃತ್ತರಾದ ಮೇಲೂ ಹೋಗಿ ಹಿಂದೆ ನಿಲ್ಲುತ್ತಿದ್ದರು. ಈ ಸಲ ನಾವು ಬರುತ್ತೇವೆ. ರಾತ್ರಿ ಡ್ಯೂಟಿಗೆ ಅವ್ವ ಕಟ್ಟಿಕೊಡುತ್ತಿದ್ದ ಗಿರ್ಮಿಟ್ ನಿಮ್ಮಲ್ಲಿ ಹಳಬರಿಗೆಲ್ಲ ಗೊತ್ತಲ್ವಾ? ಅದನ್ನೇ ದೊಡ್ಡ ಬೋಗುಣಿಯಲ್ಲಿ ಕಲಸಿ ತರುತ್ತಾಳಂತೆ. ಉಳ್ಳಾಗಡ್ಡಿ ಜಾಸ್ತಿ ಹಾಕಿ. ಅಪ್ಪನಿಗೆ ಹಾಗೇ ಬೇಕಿತ್ತು.